ಹಾಸನ ಚಿಕ್ಕಮಗಳೂರು ಕಡೆ ಎಲ್ಲಾ ಧರ್ಮದ ಕ್ಷೇತ್ರಗಳಿಗೂ ಪ್ರಾರ್ಥನೆ ನಡೆಯೋ ಹೊತ್ತಿಗೇ ಹೋಗ್ಬೇಕು, ಗೊತ್ತಿರೋರು ಹೇಳಿ

ಗಿರಿತಪ್ಪಲು (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ ಎಪ್ಪತ್ತು ದಾಟಿದೆ. ಹೊರನಾಡು, ಶೃಂಗೇರಿ, ಧರ್ಮಸ್ಥಳ, ಸುಬ್ರಹ್ಮಣ್ಯ ಎಲ್ಲಾ ಆಗಿದೆ, ಈಗ ಬೇರೆ ಧರ್ಮದವ್ರ ಕ್ಷೇತ್ರಗಳಿಗೂ ಹೋಗ್ಬೇಕು ಅಂತ ಹೇಳ್ತಿದಾರೆ, ಅದೂ ಕಟ್ಟಡ ನೋಡೋಕಲ್ಲ. "ಗೊಮ್ಮಟನ್ನ ನೋಡಿದೀನಿ, ಬಾಬಾಬುಡನ್ ಗಿರಿಗೂ ಹೋಗಿದೀನಿ, ಚರ್ಚ್ ಮುಂದೆ ದಿನಾ ಓಡಾಡ್ತೀನಿ, ಆದ್ರೆ ಅವ್ರು ಅವ್ರ ದೇವ್ರ ಮುಂದೆ ಹೆಂಗೆ ಕೂತ್ಕೋತಾರೆ, ಏನು ಕೇಳ್ಕೋತಾರೆ ಅಂತ ಒಂದು ಸಲನೂ ನೋಡಿಲ್ಲ ಕಣೆ" ಅಂದ್ರು. ಅವತ್ತಿಂದ ನನಗೂ ಅದೇ ಯೋಚನೆ.

ನಮ್ಮ ಮನೆಯವ್ರು "ಎಲ್ಲಾ ದೇವ್ರೂ ಒಂದೇ ಅಂದ್ಮೇಲೆ ಬೀದಿ ಕೊನೆ ಗಣಪತಿಗೆ ಕೈ ಮುಗುದ್ರೆ ಸಾಕಲ್ವಾ" ಅಂತಾರೆ. ನನಗೆ ಹಾಗನ್ಸಲ್ಲ. ಜೈನರ ಬಸದೀಲಿ ಕೇಳೋದು ಬೇರೆ ಇರ್ಬೇಕು, ಚರ್ಚಲ್ಲಿ ಬೇರೆ, ದರ್ಗಾದಲ್ಲಿ ಬೇರೆ. ಒಂದೇ ಅಂತ ಮೊದಲೇ ತೀರ್ಮಾನ ಮಾಡ್ಬಿಟ್ರೆ ಕೇಳಿಸ್ಕೊಳೋಕೆ ಏನು ಉಳಿಯುತ್ತೆ ಹೇಳಿ.

ಹಾಗಾಗಿ ನಿಮ್ಮನ್ನ ಕೇಳೋದು ಇಷ್ಟು. ನಮ್ಮ ಎರಡು ಜಿಲ್ಲೇಲಿ ಯಾವ ಜಾಗಕ್ಕೆ ಯಾವ ಹೊತ್ತಲ್ಲಿ ಹೋದ್ರೆ ನಿಜವಾದ ಪ್ರಾರ್ಥನೆ ನಡೀತಿರುತ್ತೆ, ಹೊರಗಿನವ್ರು ಎಲ್ಲಿ ಕೂತ್ಕೋಬಹುದು, ಏನು ಮಾಡಬಾರದು. ಅತ್ತೆಗೆ ಮಂಡಿ ನೋವಿದೆ, ಮೆಟ್ಲು ಜಾಸ್ತಿ ಆಗಲ್ಲ. ಅವಸರ ಏನಿಲ್ಲ, ಒಂದೊಂದಾಗಿ ಹೋಗೋಣ ಅಂತ ಇದೀವಿ. ನಿಮ್ಮ ನಿಮ್ಮ ಕ್ಷೇತ್ರದ ಬಗ್ಗೆ ನೀವೇ ಹೇಳಿದ್ರೆ ಇನ್ನೂ ಒಳ್ಳೇದು.

ಬೆಳ್ಗೊಳದ ಕಲ್ಯಾಣಿ

ಅಕ್ಕ, ಓದಿ ತುಂಬಾ ಸಂತೋಷ ಆಯ್ತು. ನಮ್ಮ ಶ್ರವಣಬೆಳಗೊಳಕ್ಕೆ ಬರೋ ಹತ್ತರಲ್ಲಿ ಒಂಬತ್ತು ಜನ ದೊಡ್ಡಬೆಟ್ಟ ಹತ್ತಿ ಗೊಮ್ಮಟೇಶ್ವರನ ಮುಂದೆ ಫೋಟೋ ತೆಗೆಸ್ಕೊಂಡು ಇಳಿದು ಎಳನೀರು ಕುಡ್ಕೊಂಡು ಹೊರಟುಬಿಡ್ತಾರೆ. ಅದು ತಪ್ಪು ಅಂತಲ್ಲ, ಚಾವುಂಡರಾಯ ಮಾಡಿಸಿದ 57 ಅಡಿ ಮೂರ್ತಿ, ಹತ್ತನೇ ಶತಮಾನದ ಕೊನೇದು, ಒಂದೇ ಕಲ್ಲು, ಯಾರಾದ್ರೂ ನಿಂತು ನೋಡಲೇಬೇಕು. ಆದ್ರೆ ನಿಮ್ಮತ್ತೆ ಕೇಳಿರೋ ಪ್ರಶ್ನೆಗೆ ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಉತ್ತರ ಸಿಗಲ್ಲ. ಬೆಳಗ್ಗೆ ಪಾದಪೂಜೆ ಹೊತ್ತಿಗೆ ಹೋಗ್ಬೇಕು. ಮೆಟ್ಲು ಬಂಡೇಲೇ ಕಡಿದಿರೋದು, ಆರುನೂರಕ್ಕೂ ಜಾಸ್ತಿ, ಬರಿಗಾಲಲ್ಲಿ ಹತ್ಬೇಕು, ಆಗಲ್ಲ ಅಂದ್ರೆ ಡೋಲಿಯವ್ರು ಇದಾರೆ.

ಅತ್ತೆಗೆ ನಾನು ಹೇಳೋದಾದ್ರೆ ಕೆಳಗೆ ಊರೊಳಗಿರೋ ಭಂಡಾರಿ ಬಸದಿಗೆ ಕರ್ಕೊಂಡು ಬನ್ನಿ. ಹೊಯ್ಸಳ ನರಸಿಂಹನ ಭಂಡಾರಿ (ಖಜಾನೆ ನೋಡ್ಕೊಳೋನು) ಹುಳ್ಳ 1159ರಲ್ಲಿ ಕಟ್ಟಿಸಿದ್ದು, 24 ತೀರ್ಥಂಕರರೂ ಸಾಲಾಗಿ ನಿಂತಿದಾರೆ, ಬೆಟ್ಟ ಹತ್ತೋ ಕಷ್ಟ ಇಲ್ಲ. ಬೆಳಗ್ಗೆ ಅಭಿಷೇಕಕ್ಕೆ ಬಂದು ಒಂದು ಪಕ್ಕ ಕೂತ್ಕೊಳ್ಳಿ, ಯಾರೂ ಏಳಿ ಅನ್ನಲ್ಲ.

ಏನು ಕೇಳ್ಕೋತಾರೆ ಅಂದ್ರಲ್ಲ, ನಾವು ಏನೂ ಕೇಳ್ಕೊಳಲ್ಲ ಅಕ್ಕ. ನಮೋಕಾರ ಮಂತ್ರ ಚಿಕ್ಕ ವಯಸ್ಸಿಂದ ಹೇಳ್ತೀವಿ, ಅದರಲ್ಲಿ ಅರಿಹಂತರಿಗೆ ನಮಸ್ಕಾರ, ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ, ಲೋಕದ ಎಲ್ಲಾ ಸಾಧುಗಳಿಗೆ ನಮಸ್ಕಾರ ಅಂತ ಇದೆ ಅಷ್ಟೇ, ಒಬ್ಬರ ಹೆಸರೂ ಇಲ್ಲ, ಒಂದು ಬೇಡಿಕೆನೂ ಇಲ್ಲ. ತೀರ್ಥಂಕರರು ಲೋಕ ಸೃಷ್ಟಿ ಮಾಡಿದವ್ರಲ್ಲ, ವರ ಕೊಡೋರೂ ಅಲ್ಲ, ಗೆದ್ದು ಹೋದವ್ರು. ಅವ್ರ ಗುಣ ನಮಗೂ ಬರ್ಲಿ ಅಂತ ಮುಂದೆ ಕೂರೋದು. ಹಾಗಂತ ಮನೇಲಿ ಕಷ್ಟ ಬಂದಾಗ ಪದ್ಮಾವತಿ ಅಮ್ಮನ ಹತ್ರ, ಕೂಷ್ಮಾಂಡಿನಿ ಹತ್ರ ಹೋಗಿ ಕೇಳ್ಕೊಳೋದೂ ಉಂಟು, ಯಕ್ಷಿಯರು, ಅಂದ್ರೆ ತೀರ್ಥಂಕರರ ಸೇವೇಲಿರೋ ದೇವತೆಯರು, ಅದಕ್ಕೇ ಇರೋದು ಅಂತ ನಮ್ಮಜ್ಜಿ ಹೇಳ್ತಿದ್ರು.

ಬೇಲೂರು ಪೇಟೆ ಹುಡುಗ

ಕಲ್ಯಾಣಿ ಅಕ್ಕ ಹೇಳಿದ್ದು ಚೆನ್ನಾಗಿದೆ, ನಾನು ನಮ್ಮೂರಿಂದ ಶುರು ಮಾಡ್ತೀನಿ. ಬೇಲೂರು ಅಂದ್ರೆ ಎಲ್ರೂ ಮದನಿಕೆ ಅಂತಾರೆ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಗೈಡ್‌ಗಳಿಗೆ ಬಿಡುವಿಲ್ಲ. ಆದ್ರೆ ಅದು ಮ್ಯೂಸಿಯಂ ಅಲ್ಲ, ಚೆನ್ನಕೇಶವನಿಗೆ ದಿನಾ ಪೂಜೆ ನಡೀತಿದೆ, ಒಂಬೈನೂರು ವರ್ಷ ಆಯ್ತು. ಗರ್ಭಗುಡಿ ಮುಂದೆ ಕೂತು ನೋಡೋರು ಬಹಳ ಕಡಿಮೆ.

ಬರೋದಾದ್ರೆ ಚೈತ್ರದ ರಥೋತ್ಸವಕ್ಕೆ ಬನ್ನಿ. ರಥ ಎಳೆಯೋಕೆ ಮುಂಚೆ ದೊಡ್ಡಮೇದೂರಿನ ಖಾಜಿಯವ್ರು ಕುರಾನ್ ಸಾಲು ಓದೋ ಪದ್ಧತಿ ನಮ್ಮಲ್ಲಿ ತಲೆಮಾರಿಂದ ಇದೆ. ಈಚೆಗೆ ಅದರ ಬಗ್ಗೆ ತಕರಾರು ಬಂದಿದೆ, ನನಗೆ ಗೊತ್ತು, ಇಲ್ಲಿ ಆ ಜಗಳ ಬೇಡ. ನಾನು ಚಿಕ್ಕೋನಿದ್ದಾಗಿಂದ ಅದನ್ನ ಕೇಳಿಸ್ಕೊಂಡೇ ತೇರಿನ ಹಗ್ಗ ಹಿಡ್ದಿರೋದು, ನನಗೆ ತೇರು ಅಂದ್ರೆ ಅದೂ ಸೇರಿದ್ದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೇಶವನ ಹೆಂಡತಿ ಅಮ್ಮನವ್ರು ಬಾಬಾಬುಡನ್ ಗಿರಿ ಕಡೆ ಉಳಿದುಬಿಟ್ಲು, ಸ್ವಾಮಿ ಆಗಾಗ ಅವಳನ್ನ ನೋಡೋಕೆ ಗಿರಿಗೆ ಹೋಗಿ ಬರ್ತಾನೆ, ಅದಕ್ಕೆ ದೇವಸ್ಥಾನದಲ್ಲಿ ದೊಡ್ಡ ಚಪ್ಪಲಿ ಇಟ್ಟಿರ್ತಾರೆ ಅಂತ ಪ್ರತೀತಿ. ಸವೆದ್ರೆ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರಿಗೆ ಕನಸಲ್ಲಿ ಗೊತ್ತಾಗುತ್ತಂತೆ, ಅವ್ರು ಹೊಸ ಜೋಡು ಹೊಲ್ಕೊಂಡು ತರ್ತಾರೆ. ಬ್ರಿಟಿಷರ ಕಾಲದ ಗೆಜೆಟಿಯರಲ್ಲೂ ಇದು ಬರೆದಿದೆ. ಯೋಚನೆ ಮಾಡಿ, ದೇವರೇ ಯಾತ್ರೆ ಹೋಗೋ ಊರು ನಮ್ದು, ಆ ದೇವರ ಕಾಲಿನ ಅಳತೆ ಚಪ್ಪಲಿ ಹೊಲಿಯೋರಿಗೆ ಗೊತ್ತು.

ತುಂಗಾತೀರ

ತಾಯಿ, ನಿಮ್ಮ ಅತ್ತೆಯವರ ಬಗ್ಗೆ ಗೌರವ ಇಟ್ಟುಕೊಂಡೇ ಒಂದು ಮಾತು. ನಾನು ಶೃಂಗೇರಿಯವನು, ವಯಸ್ಸಾಗಿದೆ, ಸಂಧ್ಯಾವಂದನೆ ಬಿಟ್ಟವನಲ್ಲ. ಊರೂರು ತಿರುಗಿ ಎಲ್ಲರ ಪೂಜೆ ನೋಡಿಬಿಟ್ಟರೆ ಮನಸ್ಸು ಎಲ್ಲಿಯೂ ನಿಲ್ಲುವುದಿಲ್ಲ ಎನ್ನುವುದು ನನ್ನ ಅನುಭವ. ಒಂದು ಮಂತ್ರ, ಒಂದು ಜಾಗ, ಒಂದು ಹೊತ್ತು ಹಿಡಿದು ಕೂತರೇ ಏನಾದರೂ ಸಿಕ್ಕೀತು, ಅದೂ ವರ್ಷಗಟ್ಟಲೆ. ಬೇರೆಯವರ ಉಪಾಸನೆಯನ್ನು ನೋಡಲು ಹೋಗುವುದು ಅವರಿಗೂ ಮುಜುಗರ ಅಲ್ಲವೇ? ನಾವು ಜಪಕ್ಕೆ ಕೂತಿರುವಾಗ ಎದುರಿಗೆ ಯಾರಾದರೂ ಬಂದು ನೋಡುತ್ತಾ ಕೂತರೆ ನಮಗೆ ಹೇಗಾಗುತ್ತದೆ?

ದ್ವೇಷದಿಂದ ಹೇಳುತ್ತಿಲ್ಲ. ನಮ್ಮ ಶೃಂಗೇರಿ ಪೇಟೆಯ ನಡುವೆಯೇ ಪಾರ್ಶ್ವನಾಥ ಬಸದಿ ಇದೆ, ಹನ್ನೆರಡನೇ ಶತಮಾನದ್ದು, ನಾವು ಅದರ ಪಕ್ಕದಲ್ಲೇ ಬೆಳೆದವರು. 1791ರಲ್ಲಿ ಮರಾಠರ ದಂಡಿನವರು ಮಠವನ್ನು ಲೂಟಿ ಮಾಡಿದಾಗ ಶಾರದಾಂಬೆಯ ಪುನಃ ಪ್ರತಿಷ್ಠೆಗೆ ಟಿಪ್ಪು ಸುಲ್ತಾನ್ ಹಣ ಕಳಿಸಿದ್ದ, ಜಗದ್ಗುರುಗಳಿಗೆ ಅವನು ಬರೆಸಿದ ಕನ್ನಡದ ಪತ್ರಗಳು 1916ರಲ್ಲಿ ಮಠದಲ್ಲಿ ಸಿಕ್ಕವು. ಆದರೆ ಅವನು ಬಂದು ಶಾರದೆಯ ಮುಂದೆ ಕೂರಲಿಲ್ಲ, ಗುರುಗಳು ಹೋಗಿ ಮಸೀದಿಯಲ್ಲಿ ಕೂರಲಿಲ್ಲ. ತಮ್ಮ ತಮ್ಮ ಜಾಗದಲ್ಲಿದ್ದುಕೊಂಡೇ ಒಬ್ಬರಿಗೊಬ್ಬರು ಆದರು. ಹಾಗೂ ಇರಬಹುದಲ್ಲ?

ಗಿರಿತಪ್ಪಲು (ಚಿಕ್ಕಮಗಳೂರು)

ತುಂಗಾತೀರ ಸರ್, ನೀವು ಹೇಳಿದ್ದನ್ನ ಅತ್ತೆಗೆ ಓದಿ ಹೇಳ್ದೆ. ಅವ್ರು ಹೇಳಿದ್ದನ್ನೇ ಬರೀತೀನಿ. "ನಾನೇನು ಅವ್ರ ಮಂತ್ರ ಕಲಿಯೋಕೆ ಹೋಗ್ತಿಲ್ಲ, ನನ್ನ ಲಲಿತಾ ಸಹಸ್ರನಾಮ ನನಗೆ ಸಾಕು. ನಮ್ಮ ಪಕ್ಕದ ಮನೆ ಜೂಲಿಯಾನಮ್ಮ ನನ್ನ ಬಾಣಂತನದಿಂದ ಹಿಡಿದು ನಿಮ್ಮ ಮಾವ ಹೋದ ದಿನದವರೆಗೂ ಜೊತೇಲಿದ್ಲು, ಅವಳು ನನಗೋಸ್ಕರ ಚರ್ಚಲ್ಲಿ ಪ್ರಾರ್ಥನೆ ಮಾಡ್ತೀನಿ ಅಂತಿದ್ಲು, ಅದು ಹೆಂಗೆ ಮಾಡ್ತಿದ್ಲು ಅಂತ ನಾನು ಒಂದು ದಿನ ಹೋಗಿ ನೋಡ್ಲಿಲ್ಲ" ಅಂದ್ರು. ಜೂಲಿಯಾನಮ್ಮ ಈಗಿಲ್ಲ.

ಸರ್, ಮುಜುಗರದ ಪ್ರಶ್ನೆ ನಿಜವಾಗ್ಲೂ ಮುಖ್ಯ. ಅದಕ್ಕೇ ಆಯಾ ಕ್ಷೇತ್ರದವ್ರನ್ನೇ ಕೇಳಿ ಹೋಗೋಣ ಅಂತ ಇಲ್ಲಿ ಹಾಕಿದ್ದು. ಬೇಡ ಅಂದ ಕಡೆ ಹೋಗಲ್ಲ.

ಶೆಟ್ಟಿಹಳ್ಳಿ ಮೊಮ್ಮಗ

ಜೂಲಿಯಾನಮ್ಮನ ವಿಷಯ ಓದಿ ಗಂಟಲು ಕಟ್ತು ಅಕ್ಕ. ಅತ್ತೆಯವ್ರನ್ನ ಭಾನುವಾರ ಬೆಳಗ್ಗೆ ಬಲಿಪೂಜೆಗೆ (ಚರ್ಚಿನ ಮುಖ್ಯ ಪ್ರಾರ್ಥನೆ) ಕರ್ಕೊಂಡು ಹೋಗಿ. ಚಿಕ್ಕಮಗಳೂರಲ್ಲೇ ಸಂತ ಜೋಸೆಫರ ಕೆಥೆಡ್ರಲ್ ಇದೆ, 1963ರಲ್ಲಿ ಮೈಸೂರಿಂದ ಬೇರೆ ಧರ್ಮಪ್ರಾಂತ್ಯ ಆದಾಗಿಂದ ಧರ್ಮಾಧ್ಯಕ್ಷರ ಮುಖ್ಯ ದೇವಾಲಯ ಅದೇ. ಯಾವ ಪೂಜೆ ಕನ್ನಡದ್ದು ಅಂತ ಮೊದಲೇ ಕೇಳ್ಕೊಳ್ಳಿ, ಕೊಂಕಣಿ ಪೂಜೆಗೆ ಹೋದ್ರೆ ಅತ್ತೆಗೆ ಅರ್ಥ ಆಗಲ್ಲ. ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ, ಎಲ್ರೂ ಎದ್ದಾಗ ಏಳ್ಬೇಕು ಅಂತೇನಿಲ್ಲ, ಮಂಡಿ ನೋವಿದ್ರೆ ಕೂತೇ ಇರ್ಲಿ. ಪರಮಪ್ರಸಾದಕ್ಕೆ ಜನ ಸಾಲಲ್ಲಿ ಹೋಗ್ತಾರೆ, ಆಗ ಮಾತ್ರ ಹೋಗ್ಬೇಡಿ. ನಮ್ಮ ನಂಬಿಕೇಲಿ ಅದು ಯೇಸುವಿನ ಶರೀರ, ಜ್ಞಾನಸ್ನಾನ ಆಗಿರೋ ಕಥೋಲಿಕರಿಗಷ್ಟೇ. ದೇವಸ್ಥಾನದ ಪ್ರಸಾದದ ಥರ ಅಂದ್ಕೊಂಡು ಪಾಪ ಎಷ್ಟೋ ಜನ ಕೈ ಚಾಚ್ತಾರೆ.

ಏನು ಕೇಳ್ಕೋತೀವಿ ಅಂದ್ರೆ, ಮೊದಲು ಪಾಪ ಒಪ್ಕೊಂಡು ಕ್ಷಮೆ ಕೇಳ್ತೀವಿ, ಎಲ್ರೂ ಒಟ್ಟಿಗೆ, ಜೋರಾಗಿ. ಆಮೇಲೆ ವಿಶ್ವಾಸಿಗಳ ಪ್ರಾರ್ಥನೆ ಅಂತ ಬರುತ್ತೆ, ಅದರಲ್ಲಿ ರೋಗಿಗಳಿಗೆ, ನಾಡು ಆಳೋರಿಗೆ, ಸತ್ತು ಹೋದವ್ರಿಗೆ, ಮಳೆ ಇಲ್ದಿದ್ರೆ ಮಳೆಗೆ. ನಿಮ್ಮತ್ತೆ ಅದನ್ನ ಗಮನ ಕೊಟ್ಟು ಕೇಳ್ಲಿ, ಜೂಲಿಯಾನಮ್ಮ ಪ್ರಾರ್ಥನೆ ಮಾಡ್ತೀನಿ ಅಂದಿದ್ದು ಅಲ್ಲೇ ಇರುತ್ತೆ. ಆಮೇಲೆ ಶಾಂತಿ ಹಾರೈಸೋ ಹೊತ್ತಿಗೆ ಅಕ್ಕಪಕ್ಕದವ್ರು ತಿರುಗಿ ಅವ್ರಿಗೂ ಕೈ ಮುಗೀತಾರೆ, ಗಾಬರಿ ಆಗ್ಬೇಡಿ, ವಾಪಸ್ ಕೈ ಮುಗುದ್ರೆ ಸಾಕು.

ಇನ್ನು ಶೆಟ್ಟಿಹಳ್ಳಿ. ಎಲ್ರೂ ಹೇಳೇ ಹೇಳ್ತಾರೆ ಅದಕ್ಕೆ ನಾನೇ ಮೊದಲು ಹೇಳ್ತೀನಿ. ಹೇಮಾವತಿ ಹಿನ್ನೀರಲ್ಲಿ ನಿಂತಿರೋ ಆ ಚರ್ಚ್ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಜಪಮಾಲೆ ಮಾತೆಗೆ ಅರ್ಪಿಸಿದ್ದು. ಗೊರೂರು ಡ್ಯಾಂ ಆದಾಗ ಊರು ಮುಳುಗ್ತು, ಜನ ಎದ್ದು ಹೋದ್ರು, ಚರ್ಚ್ ಮಾತ್ರ ಮಳೆಗಾಲದಲ್ಲಿ ನೀರಲ್ಲಿ ಬೇಸಿಗೇಲಿ ಒಣ ನೆಲದಲ್ಲಿ ಹಾಗೇ ನಿಂತಿದೆ, ಗೋಡೆ ಒಂದೊಂದೇ ಬೀಳ್ತಿದೆ. ನಮ್ಮಜ್ಜಿ ಮದ್ವೆ ಆಗಿದ್ದು ಅಲ್ಲೇ. ಈಗ ಅಲ್ಲಿ ಪ್ರೀ ವೆಡ್ಡಿಂಗ್ ಶೂಟ್ ಮಾಡೋರು ಬಲಿಪೀಠ ಇದ್ದ ಜಾಗದಲ್ಲೇ ಹತ್ತಿ ನಿಂತ್ಕೋತಾರೆ, ಹೊಗೆ ಬಾಂಬ್ ಹಚ್ತಾರೆ, ಬಿಯರ್ ಬಾಟ್ಲು ಬಿಸಾಕ್ತಾರೆ. ದಯವಿಟ್ಟು ಹೋಗಿ, ಬೇಡ ಅನ್ನಲ್ಲ, ಆದ್ರೆ ಅಲ್ಲಿ ಊರಿತ್ತು, ಸಮಾಧಿ ಇದ್ವು, ಹೆಸರಿಟ್ಟ ಮಕ್ಕಳಿದ್ರು ಅಂತ ನೆನಪಿಟ್ಕೊಂಡು ಹೋಗಿ. ಅಜ್ಜಿ ಇರೋ ತನಕ ಅಕ್ಟೋಬರಲ್ಲಿ ಜಪಸರ ತಿಂಗಳು ಬಂದ್ರೆ ಆ ದಿಕ್ಕಿಗೆ ಮುಖ ಮಾಡಿ ಜಪಸರ ಹೇಳೋರು.

ಮೂಡಿಗೆರೆ ಟಿಟಿ

ನಾನು ಗಾಡಿ ಓಡಿಸೋನು, ಯಾತ್ರೆ ಟ್ರಿಪ್ ಸುಮಾರು ಮಾಡೀನಿ. ಒಂದು ಮಾತು, ಒಂದೇ ದಿನಕ್ಕೆ ಬೇಲೂರು ಹಳೇಬೀಡು ಬೆಳ್ಗೊಳ ಮೂರೂ ಮುಗಿಸ್ಬಿಡ್ತೀವಿ ಅಂತ ಯಾರಾದ್ರೂ ಪ್ಯಾಕೇಜ್ ಕೊಟ್ರೆ ತಗೋಬೇಡಿ ಅಮ್ಮ. ಜನ ಗಾಡೀಲೇ ನಿದ್ದೆ ಹೊಡಿತಾರೆ, ಇಳಿತಾರೆ, ಹತ್ತುತಾರೆ, ಸಂಜೆಗೆ ಯಾವ್ದು ಯಾವ ದೇವ್ರು ಅನ್ನೋದೇ ಮರ್ತಿರ್ತಾರೆ. ಒಂದು ದಿನಕ್ಕೆ ಒಂದೇ ಜಾಗ.

ಹಳೇಬೀಡಿಗೆ ಹೋದ್ರೆ ಹೊಯ್ಸಳೇಶ್ವರ ನೋಡಿ ವಾಪಸ್ ಬರ್ಬೇಡಿ, ಸ್ವಲ್ಪ ಮುಂದೆ ಬಸ್ತಿಹಳ್ಳೀಲಿ ಮೂರು ಬಸದಿ ಅವೆ, ಪಾರ್ಶ್ವನಾಥ, ಶಾಂತಿನಾಥ, ಆದಿನಾಥ. ಪಾರ್ಶ್ವನಾಥಂದು 1133ರಲ್ಲಿ ಗಂಗರಾಜನ ಮಗ ಬೊಪ್ಪ ಕಟ್ಸಿದ್ದು. ಒಳಗಿನ ಕಂಬ ಎಷ್ಟು ನುಣ್ಣಗೆ ಅಂದ್ರೆ ಮುಖ ಕಾಣುತ್ತೆ. ಜನ ಇರಲ್ಲ, ಅತ್ತೆಯವ್ರು ಎಷ್ಟೊತ್ತು ಬೇಕಾದ್ರೂ ಕೂತ್ಕೋಬಹುದು.

ನಮ್ಮ ಮೂಡಿಗೆರೆ ತಾಲ್ಲೂಕಲ್ಲಿ ಅಂಗಡಿ ಅಂತ ಊರೈತೆ, ಹಳೇ ಸೊಸೆವೂರು, ಹೊಯ್ಸಳರು ಶುರುವಾಗಿದ್ದೇ ಅಲ್ಲಿಂದ ಅಂತಾರೆ. ವಾಸಂತಿಕಾ ಅಮ್ಮನ ಗುಡಿ ಹತ್ರ ಸುದತ್ತ ಮುನಿಗಳು ಸಳನಿಗೆ ಹೊಯ್ ಸಳ ಅಂದ ಕಥೆ ಎಲ್ರಿಗೂ ಗೊತ್ತು. ಜೈನ ಮುನಿ, ಗುಡಿ ಅಮ್ಮನದು. ಹಾಳುಬಿದ್ದ ಬಸದಿನೂ ಅಲ್ಲೇ ತೋಟದ ಮಧ್ಯ ಅವೆ.

ಶಿವರಾತ್ರಿ ಟೈಮಲ್ಲಿ ಚಾರ್ಮಾಡಿ ಘಾಟಲ್ಲಿ ಧರ್ಮಸ್ಥಳಕ್ಕೆ ಪಾದಯಾತ್ರೆ ಜನ ನೋಡಿರ್ತೀರ. ಧರ್ಮಸ್ಥಳ ಒಂದರಲ್ಲೇ ಎಷ್ಟೈತೆ ನೋಡಿ, ದೇವ್ರು ಮಂಜುನಾಥ ಶಿವ, ಪೂಜೆ ಮಾಡೋರು ವೈಷ್ಣವರು, ಹೆಗ್ಗಡೆ ಮನೆತನ ಜೈನರು, ಮೇಲೆ 39 ಅಡಿ ಬಾಹುಬಲಿ. ಅಯ್ಯಪ್ಪ ಮಾಲೆ ಹಾಕ್ದೋರು ಕೇರಳದ ಎರುಮೇಲೀಲಿ ವಾವರ್ ಮಸೀದಿ ಸುತ್ತಿ ನಮಸ್ಕಾರ ಮಾಡಿ ಆಮೇಲೆನೇ ಬೆಟ್ಟ ಹತ್ತೋದು, ನಾನೂ ಮಾಡೀನಿ. ತುಂಗಾತೀರದ ಅಜ್ಜಯ್ಯ ಹೇಳಿದ್ದು ಅವ್ರಿಗೆ ಸರಿ ಇರ್ಬೋದು, ನಮ್ಮಂಥೋರು ಮೊದ್ಲಿಂದ ಹಿಂಗೇ ಇರೋದು.

ಬುಡನ್ ಗಿರಿ ಸಲೀಮ

ಅಸ್ಸಲಾಮು ಅಲೈಕುಂ, ನಮಸ್ಕಾರ. ನಾನು ಚಿಕ್ಕಮಗಳೂರಿನವ್ಳು, ಟೀಚರ್. ಗಿರಿ ಬಗ್ಗೆ ಯಾರಾದ್ರೂ ಬರೀತಾರೆ ಅಂತ ಕಾಯ್ತಿದ್ದೆ, ಯಾರೂ ಬರೀಲಿಲ್ಲ, ಬಹುಶಃ ಜಗಳ ಆಗುತ್ತೆ ಅಂತ ಭಯ. ನನಗೆ ಆ ಜಾಗ ಬಹಳ ಹತ್ತಿರದ್ದು, ಅದಕ್ಕೇ ಹೇಳ್ತೀನಿ.

ಸರ್ಕಾರಿ ದಾಖಲೆಲೇ ಅದರ ಹೆಸರು ಶ್ರೀ ಗುರು ದತ್ತಾತ್ರೇಯ ಬಾಬಾ ಬುಡನ್ ಸ್ವಾಮಿ ದರ್ಗಾ. ಒಂದೇ ಗುಹೆ. ಸೂಫಿ ಸಂತ ದಾದಾ ಹಯಾತ್ ಮೀರ್ ಖಲಂದರ್ ಇದ್ದ ಜಾಗ ಅಂತ ನಾವು, ದತ್ತಾತ್ರೇಯರ ಪೀಠ ಅಂತ ಹಿಂದೂಗಳು. ಯೆಮನ್‌ನ ಮೋಚಾದಿಂದ ಏಳು ಕಾಫಿ ಬೀಜ ತಂದ ಬಾಬಾ ಬುಡನ್ ಹೆಸರೇ ಆ ಬೆಟ್ಟಕ್ಕೆ. ಪಾದುಕೆಗೆ ಹೂವು ಇಡೋದು, ನಂದಾದೀಪ, ತೀರ್ಥ ಕೊಡೋದು, ಉರುಸು ಎಲ್ಲಾ ಒಂದೇ ಸೂರಿನಡಿ ನಡ್ಕೊಂಡು ಬಂದ ಪದ್ಧತಿ. ಯಾರಿಗೆ ಸೇರ್ಬೇಕು ಅನ್ನೋದು ಎಷ್ಟೋ ವರ್ಷದಿಂದ ಕೋರ್ಟಲ್ಲಿದೆ, 2022ರಿಂದ ಆಡಳಿತ ಮಂಡಳಿ, ಅರ್ಚಕರು ಅಂತ ವ್ಯವಸ್ಥೆನೂ ಬದಲಾಗಿದೆ. ಅದನ್ನ ನ್ಯಾಯಾಲಯ ನೋಡ್ಕೊಳ್ಳುತ್ತೆ. ನೀವು ಹೋಗೋದಾದ್ರೆ ಡಿಸೆಂಬರ್ ದತ್ತ ಜಯಂತಿ, ಉರುಸು ಎರಡೂ ಬಿಟ್ಟು ಸಾಧಾರಣ ವಾರದ ದಿನ ಹೋಗಿ, ಆ ದಿನಗಳಲ್ಲಿ ಪೊಲೀಸು ಚೆಕ್‌ಪೋಸ್ಟು ಜಾಸ್ತಿ, ಕೂರೋಕಾಗಲ್ಲ. ಗಿರಿ ರಸ್ತೆಗೆ ಗಾಡಿ ಬುಕಿಂಗ್ ನಿಯಮನೂ ಬಂದಿದೆ, ಹೊರಡೋ ಮುಂಚೆ ನೋಡ್ಕೊಳ್ಳಿ. ತಲೆ ಮೇಲೆ ಸೆರಗು ಹಾಕ್ಕೊಳ್ಳಿ. ಸುಮ್ನೆ ಸ್ವಲ್ಪ ಹೊತ್ತು ನಿಂತ್ರೆ ಬರೋರ ಮುಖ ನೋಡ್ತೀರ, ಹೊಸದಾಗಿ ಮದ್ವೆ ಆದವ್ರು, ಮಕ್ಕಳಿಲ್ದವ್ರು, ತೋಟದ ಕೂಲಿ ಕೆಲಸದವ್ರು, ಅವ್ರೆಲ್ಲ ಜಾಗದ ಹೆಸರಿಗೆ ಬಂದಿರಲ್ಲ, ಕಷ್ಟ ಹೇಳ್ಕೊಳೋಕೆ ಬಂದಿರ್ತಾರೆ.

ಏನು ಕೇಳ್ಕೋತೀವಿ ಅನ್ನೋದಕ್ಕೆ ನನ್ನ ಉತ್ತರ ಎರಡು. ನಮಾಜಲ್ಲಿ ಪ್ರತಿ ಸುತ್ತಿಗೂ (ರಕಅತ್) ಕುರಾನಿನ ಮೊದಲ ಅಧ್ಯಾಯ ಫಾತಿಹಾ ಓದ್ತೀವಿ, ಅದರಲ್ಲಿ ಬರೋ ಬೇಡಿಕೆ ಒಂದೇ, ನಮ್ಮನ್ನ ನೇರ ದಾರೀಲಿ ನಡೆಸು ಅಂತ. ದುಡ್ಡು ಕೊಡು, ಮಗಳ ಮದ್ವೆ ಆಗ್ಲಿ ಅನ್ನೋದೆಲ್ಲ ಆಮೇಲೆ, ಕೈ ಎತ್ತಿ ದುವಾ ಮಾಡುವಾಗ. ದರ್ಗಾದಲ್ಲಿ ವಲಿಗಳ (ಸಂತರ) ಮುಂದೆ ನಿಂತು ಅವ್ರ ಮೂಲಕ ಅಲ್ಲಾಹನ ಹತ್ರ ಕೇಳ್ತೀವಿ, ಸಕ್ಕರೆ ಓದಿಸ್ಕೊಂಡು ಹಂಚ್ತೀವಿ. ನಮ್ಮಲ್ಲೇ ದರ್ಗಾಕ್ಕೆ ಹೋಗಬಾರದು, ನೇರವಾಗಿ ಅಲ್ಲಾಹನ್ನೇ ಕೇಳ್ಬೇಕು ಅನ್ನೋರೂ ಇದಾರೆ, ನಮ್ಮಣ್ಣನೇ ಹಾಗೆ, ಇದನ್ನ ಮುಚ್ಚಿಡಲ್ಲ.

ಅತ್ತೆಯವ್ರು ಮಸೀದಿಗೆ ಬರ್ಬೇಕು ಅಂದ್ರೆ ನಮ್ಮ ಕಡೆ ಎಷ್ಟೋ ಮಸೀದೀಲಿ ಹೆಂಗಸರಿಗೆ ಜಾಗ ಇಲ್ಲ, ನನಗೂ ಅದೇ ಬೇಜಾರು. ಅದರ ಬದಲು ರಂಜಾನಲ್ಲಿ ನಮ್ಮನೆಗೆ ಬರ್ಲಿ. ಸಂಜೆ ಮಗ್ರಿಬ್ ಅಜಾನ್ ಆದಾಗ ಖರ್ಜೂರ ತಿಂದು ಉಪವಾಸ ಬಿಡ್ತೀವಿ, ಆಮೇಲೆ ನಾವು ಹೆಂಗಸರು ನಡುಮನೇಲೇ ಸಾಲಾಗಿ ನಮಾಜ್ ಮಾಡ್ತೀವಿ, ಕುರ್ಚಿ ಹಾಕಿ ಕೊಡ್ತೀನಿ, ನೋಡ್ಲಿ. ನಿಜವಾಗ್ಲೂ ಕರೀತಿದೀನಿ, ಮಾತಿಗೆ ಅಲ್ಲ.

ಚನ್ನರಾಯಪಟ್ಟಣ ಫೌಜಿ

ಸಲೀಮ ಮೇಡಂ ಸೆಲ್ಯೂಟ್. ನಾನು ಆರ್ಮಿಯಿಂದ ರಿಟೈರ್ ಆದವ್ನು. ನಮ್ಮಲ್ಲಿ ಸರ್ವ ಧರ್ಮ ಸ್ಥಳ ಅಂತ ಯೂನಿಟಲ್ಲೇ ಇರುತ್ತೆ, ಒಂದೇ ಸೂರಿನ ಕೆಳಗೆ ಮಂದಿರ, ಮಸೀದಿ, ಗುರುದ್ವಾರ, ಚರ್ಚ್. ಪಂಡಿತರು, ಮೌಲ್ವಿ, ಗ್ರಂಥಿ, ಪಾದ್ರಿ, ಬೌದ್ಧ ಭಿಕ್ಷು ಎಲ್ಲರೂ ಸೇನೇಲಿ ಧರ್ಮಗುರು ಅಂತ ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್) ಹುದ್ದೇಲೇ ಇರ್ತಾರೆ. ಜವಾನರ ಧರ್ಮ ಯಾವ್ದೋ ಆ ಪೂಜೇಲಿ ಆಫೀಸರ್ ಬಂದು ಮುಂದೆ ನಿಲ್ಲಲೇಬೇಕು, ಅವ್ನು ಯಾವ ಧರ್ಮದವ್ನಾದ್ರೂ ಸರಿ. ಸಾಯೋಕೆ ಒಟ್ಟಿಗೆ ಹೋಗೋರು ಪ್ರಾರ್ಥನೆಗೂ ಒಟ್ಟಿಗೆ ಇರ್ಬೇಕು ಅನ್ನೋದು ಅಲ್ಲಿನ ಲೆಕ್ಕ.

ಲೇಹ್ ಹತ್ರ ಪತ್ಥರ್ ಸಾಹಿಬ್ ಗುರುದ್ವಾರ ಇದೆ, ಸೇನೆಯವ್ರೇ ನೋಡ್ಕೊಳೋದು, ಅಲ್ಲಿನ ಬೌದ್ಧರು ಗುರುನಾನಕರನ್ನ ನಾನಕ್ ಲಾಮಾ ಅಂತಾರೆ. ಆ ಚಳೀಲಿ ಅವ್ರು ಕೊಡೋ ಚಹಾ ಕುಡಿದವ್ನಿಗೇ ಗೊತ್ತು. ಅಮೃತಸರದ ಹರ್ಮಂದಿರ ಸಾಹಿಬ್‌ಗೆ ನಾಲ್ಕು ದಿಕ್ಕಿಗೂ ಬಾಗಿಲು, ಯಾರು ಬೇಕಾದ್ರೂ ಬರ್ಲಿ ಅಂತ. ಲಂಗರಲ್ಲಿ (ಗುರುದ್ವಾರದ ಊಟ) ಎಲ್ರೂ ನೆಲದ ಮೇಲೆ ಸಾಲಾಗಿ. ಅರ್ದಾಸ್ ಅನ್ನೋ ಸಿಖ್ಖರ ಪ್ರಾರ್ಥನೆ ಕೊನೇಲಿ ಸರ್ಬತ್ ದಾ ಭಲಾ ಅಂತ ಕೇಳ್ತಾರೆ, ಎಲ್ಲರಿಗೂ ಒಳ್ಳೇದಾಗ್ಲಿ ಅಂತ. ಅತ್ತೆಯವ್ರಿಗೆ ಅಮೃತಸರ ದೂರ ಆದ್ರೆ ಬೀದರಿನ ನಾನಕ್ ಝಿರಾ ಗುರುದ್ವಾರ ಇದೆ.

ನಮ್ಮ ಹಾಸನಕ್ಕೆ ಹತ್ರ ಅಂದ್ರೆ ಬೈಲಕುಪ್ಪೆ. ಅರಕಲಗೂಡು ಕೊಣನೂರು ಮೇಲೆ ಕುಶಾಲನಗರಕ್ಕೆ ಹೋದ್ರೆ ಪಕ್ಕದಲ್ಲೇ. ಟಿಬೆಟಿನವ್ರು 1961ರಿಂದ ಅಲ್ಲಿದಾರೆ, ಊರು ಬಿಟ್ಟು ಬಂದವ್ರು ಕಟ್ಟಿರೋ ಕ್ಷೇತ್ರ ಅದು. ನಾಮ್‌ಡ್ರೋಲಿಂಗ್ ಮಠದಲ್ಲಿ ಬುದ್ಧ, ಪದ್ಮಸಂಭವ, ಅಮಿತಾಯುಸ್ ಮೂರು ದೊಡ್ಡ ಚಿನ್ನದ ಬಣ್ಣದ ಮೂರ್ತಿ. ಟೂರಿಸ್ಟ್ ಬಸ್ಸು ಬರೋ ಮುಂಚೆ ಹೋಗಿ, ಭಿಕ್ಷುಗಳು ಸಾಲಾಗಿ ಕೂತು ಪಠಣ ಮಾಡೋವಾಗ ಉದ್ದ ಕೊಂಬು, ತಾಳ, ನಗಾರಿ ಎದೆಗೆ ಬಡಿಯುತ್ತೆ. ಪ್ರದಕ್ಷಿಣೆ ನಮ್ಮ ಥರಾನೇ ಬಲಕ್ಕೆ. ಕೊನೇಲಿ ಅವ್ರು ತಮ್ಮ ಪುಣ್ಯನೆಲ್ಲ ಸಕಲ ಜೀವಿಗಳಿಗೆ ಧಾರೆ ಎರೆದು ಏಳ್ತಾರೆ.

ಹಾಸನ ಗೌರಿ

ಎಲ್ಲಾ ಓದ್ತಾ ಇದೀನಿ, ಎಷ್ಟು ಒಳ್ಳೇ ಮಾತುಗಳು. ನಮ್ಮ ಹಾಸನಾಂಬೆ ಬಗ್ಗೆ ಒಂದು ಮಾತು ಸೇರಿಸ್ತೀನಿ, ಯಾಕಂದ್ರೆ ಬೇರೆ ಧರ್ಮದ ಗೆಳತಿಯರು ನನ್ನನ್ನ ಕೇಳ್ತಿರ್ತಾರೆ. ವರ್ಷಕ್ಕೆ ಒಂದೇ ಸಲ, ಆಶ್ವಯುಜ ಹುಣ್ಣಿಮೆ ಆದ್ಮೇಲಿನ ಗುರುವಾರ ಬಾಗಿಲು ತೆಗೆದ್ರೆ ದೀಪಾವಳಿ ಮುಗಿದು ಬಲಿಪಾಡ್ಯಮಿ ಕಳೀತಿದ್ದಂಗೆ ಮುಚ್ತಾರೆ. ಅಮ್ಮ ಹುತ್ತದ ರೂಪದಲ್ಲಿದಾಳೆ. ಈಗ ಕ್ಯೂ ಗಂಟೆಗಟ್ಟಲೆ, ಅಮ್ಮನ ಮುಂದೆ ನಿಲ್ಲೋಕೆ ಒಂದು ಕ್ಷಣ ಸಿಕ್ರೆ ದೊಡ್ಡದು. ಆದ್ರೂ ಆ ಕ್ಯೂನಲ್ಲೇ ನನಗೆ ಯಾತ್ರೆ ಕಾಣೋದು. ಮುಂದೆ ಹಿಂದೆ ನಿಂತಿರೋ ಹೆಂಗಸರು ಒಬ್ಬರಿಗೊಬ್ಬರು ಮನೆ ಕಷ್ಟ ಹೇಳ್ಕೋತಾರೆ, ಮಗು ಎತ್ಕೋತಾರೆ, ಚಿತ್ರಾನ್ನ ಹಂಚ್ಕೋತಾರೆ, ಅಮ್ಮನ ಮುಂದೆ ಹೋಗೋ ಹೊತ್ತಿಗೆ ಅರ್ಧ ಭಾರ ಇಳಿದಿರುತ್ತೆ.

ಬೆಳ್ಗೊಳದ ಅಕ್ಕನಿಗೆ ಒಂದು ಪ್ರಶ್ನೆ, ವಿಷ್ಣುವರ್ಧನನ ರಾಣಿ ಶಾಂತಲೆ ಜೈನಳು, ಗಂಡ ವಿಷ್ಣುಭಕ್ತ ಅಂತಾರಲ್ಲ, ಒಂದೇ ಮನೇಲಿ ಹೇಗೆ ನಡೀತಿತ್ತು?

ಬೆಳ್ಗೊಳದ ಕಲ್ಯಾಣಿ

ಗೌರಿಯವ್ರೆ, ಇನ್ನೂ ಇದೆ ಕೇಳಿ. ಶಾಂತಲೆ ಅಪ್ಪ ಮಾರಸಿಂಗಯ್ಯ ಶೈವ, ಅಮ್ಮ ಮಾಚಿಕಬ್ಬೆ ಜೈನಳು, ನಮ್ಮ ಬೆಳ್ಗೊಳದಲ್ಲೇ ಸಲ್ಲೇಖನ (ಉಪವಾಸ ಮಾಡಿ ದೇಹ ಬಿಡೋ ವ್ರತ) ತಗೊಂಡವಳು. ಶಾಂತಲೆ ಚಿಕ್ಕಬೆಟ್ಟದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದ್ಲು, ಗಂಡ ಬೇಲೂರಲ್ಲಿ ಕೇಶವನ್ನ ನಿಲ್ಲಿಸಿದ. ಊರಲ್ಲಿರೋ ಅಕ್ಕನ ಬಸದಿ 1181ರದ್ದು, ಕಟ್ಟಿಸಿದ ಆಚಿಯಕ್ಕ ಜೈನಳು, ಗಂಡ ಚಂದ್ರಮೌಳಿ ಶಿವಭಕ್ತ, ಬಲ್ಲಾಳನ ಮಂತ್ರಿ. ಯಾರೂ ಯಾರನ್ನೂ ನಿನ್ನದು ಬಿಡು ಅನ್ನಲಿಲ್ಲ, ಎಲ್ಲಾ ಒಂದೇ ಅಂತನೂ ಅನ್ನಲಿಲ್ಲ. ನಿನ್ನ ದೇವರಿಗೆ ನೀನು ಕಟ್ಟಿಸು ಅಂದ್ರು.

ಹಾಗಂತ ಜಗಳ ಇರ್ಲಿಲ್ಲ ಅಂತಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಆಗಿ ವಿಜಯನಗರದ ಬುಕ್ಕರಾಯನ ಹತ್ರ ಹೋಯ್ತು. ಅವ್ನು ಜೈನರ ಕೈನ ಶ್ರೀವೈಷ್ಣವರ ಕೈಲಿ ಇಟ್ಟು ತೀರ್ಪು ಕೊಟ್ಟ, ಜೈನರಿಗಾದ ಹಾನಿ ನಿಮ್ಮದೇ ಹಾನಿ ಅಂತ ತಿಳೀಬೇಕು ಅಂದ. ಬೆಳ್ಗೊಳದ ದೇವರ ಕಾವಲಿಗೆ 20 ಜನರನ್ನ ನೇಮಿಸೋ ಜವಾಬ್ದಾರಿ ತಿರುಮಲೆಯ ತಾತಯ್ಯ ಅನ್ನೋ ವೈಷ್ಣವರಿಗೆ, ಖರ್ಚಿಗೆ ಜೈನರ ಮನೆಗೊಂದು ಹಣ (ಆಗಿನ ನಾಣ್ಯ), ಉಳಿದಿದ್ದರಲ್ಲಿ ಹಾಳಾದ ಬಸದಿ ರಿಪೇರಿ. ಆ ಶಾಸನ ಭಂಡಾರಿ ಬಸದೀಲಿ ಈಗಲೂ ಇದೆ. ಅತ್ತೆ ಬಂದಾಗ ಅದರ ಮುಂದೆ ನಿಲ್ಲಿಸಿ ಅರ್ಥ ಹೇಳೋ ಆಸೆ ನನಗೆ. ಒಳ್ಳೆ ಮಾತಲ್ಲಿ ಬಿಟ್ಟುಬಿಡದೆ ಕಾವಲಿಗೆ ಜನ, ಸಂಬಳ, ರಿಪೇರಿ ಅಂತ ಎಲ್ಲಾ ಬರೆಸಿಟ್ಟ ನೋಡಿ ಬುಕ್ಕರಾಯ, ಅದಕ್ಕೇ ನನಗೆ ಅವನ ಮೇಲೆ ಅಷ್ಟು ಗೌರವ.

ಬೇಲೂರಿನ ತಮ್ಮ, ನಿಮ್ಮೂರ ಶಾಸನದ ಶ್ಲೋಕ ಬರೀಲಿಲ್ವಲ್ಲ? ಶೈವರು ಶಿವ ಅಂತ, ವೇದಾಂತಿಗಳು ಬ್ರಹ್ಮ ಅಂತ, ಬೌದ್ಧರು ಬುದ್ಧ ಅಂತ, ಜೈನರು ಅರ್ಹಂತ ಅಂತ ಪೂಜಿಸೋ ಕೇಶವ ಅನ್ನೋದು. ಚಿಕ್ಕಂದಿನಲ್ಲಿ ನನಗೆ ಅದು ಪೂರ್ತಿ ಒಪ್ಪಿಗೆ ಆಗ್ತಿರ್ಲಿಲ್ಲ, ನಮ್ಮ ಅರ್ಹಂತರು ಕೇಶವ ಅಲ್ಲ. ಈಗಲೂ ಅಲ್ಲ. ಆದ್ರೆ ದೇವಸ್ಥಾನದ ಶಾಸನದಲ್ಲಿ ನಮ್ಮ ಹೆಸರನ್ನ ನಮ್ಮದೇ ಮಾತಲ್ಲಿ ಬರೆಸಿದಾರಲ್ಲ ಅಂತ ಪ್ರೀತಿ ಇದೆ.

ತುಂಗಾತೀರ

ಕಲ್ಯಾಣಿಯವರು ಬರೆದದ್ದನ್ನು ಎರಡು ಸಲ ಓದಿದೆ. ಒಬ್ಬ ಉಪಾಸಕನಿಗೆ ಒಂದೇ ದಾರಿ ಎನ್ನುವ ನನ್ನ ಮಾತನ್ನು ನಾನು ಬಿಡುವುದಿಲ್ಲ, ಆದರೆ ಈ ತಾಯಿ ಹೊರಟಿರುವುದು ದಾರಿ ಬದಲಿಸುವುದಕ್ಕಲ್ಲ, ನೆರೆಯವರ ಮನೆಗೆ ಹೋಗಿಬರುವುದಕ್ಕೆ ಎಂದು ಅರ್ಥವಾಯಿತು. ಹಾಗಾದರೆ ಶೃಂಗೇರಿಗೂ ಬನ್ನಿ, ಸಲೀಮ ಅಮ್ಮನವರನ್ನೂ ಶೆಟ್ಟಿಹಳ್ಳಿಯ ಹುಡುಗನನ್ನೂ ಕರೆದುಕೊಂಡು ಬನ್ನಿ. ವಿದ್ಯಾಶಂಕರ ದೇವಾಲಯದ 12 ರಾಶಿ ಕಂಬಗಳನ್ನು ನಾನೇ ತೋರಿಸುತ್ತೇನೆ. ಮಧ್ಯಾಹ್ನ ಮಠದ ಊಟ. ಗುರುದರ್ಶನಕ್ಕೆ ಗಂಡಸರು ಅಂಗಿ ತೆಗೆದು ಪಂಚೆ ಶಲ್ಯದಲ್ಲಿ ಬರಬೇಕು, ಅದಕ್ಕೆ ಹುಡುಗನಿಗೆ ಅಭ್ಯಂತರ ಇರಲಾರದು. ಪಾರ್ಶ್ವನಾಥ ಬಸದಿಗೆ ಕಲ್ಯಾಣಿಯವರು ಬಂದರೆ ಅವರ ಹಿಂದೆ ನಾನು ಹೋಗುತ್ತೇನೆ. ಪಕ್ಕದಲ್ಲೇ ಇದ್ದರೂ ಅಲ್ಲಿ ಅಭಿಷೇಕದ ಹೊತ್ತಿಗೆ ಹೋದವನಲ್ಲ.

ಶೆಟ್ಟಿಹಳ್ಳಿ ಮೊಮ್ಮಗ

ಅಜ್ಜ, ಖಂಡಿತ ಬರ್ತೀನಿ, ಪಂಚೆ ಉಟ್ಕೊಂಡೇ ಬರ್ತೀನಿ. ಅಲ್ಲಿ ಕೈ ಮುಗಿಯೋದು ಬಿಡೋದು ನನ್ನ ನಂಬಿಕೆ ಪ್ರಕಾರ ಇರುತ್ತೆ, ಅದಕ್ಕೆ ನೀವು ಬೇಜಾರು ಮಾಡ್ಕೋಬಾರದು.

ತುಂಗಾತೀರ

ಮಾಡಿಕೊಳ್ಳುವುದಿಲ್ಲ ಮಗು. ಬಾ.

ಗಿರಿತಪ್ಪಲು (ಚಿಕ್ಕಮಗಳೂರು)

ಎಲ್ಲಾ ಮಾತನ್ನೂ ಅತ್ತೆಗೆ ಓದಿ ಹೇಳ್ತಿದೀನಿ, ಸಲೀಮ ಮೇಡಂ ಕರೆದಿದ್ದಕ್ಕೆ ಈಗ್ಲೇ ಏನು ತಗೊಂಡು ಹೋಗೋದು ಅಂತ ಲೆಕ್ಕ ಹಾಕ್ತಿದಾರೆ. ತೀರ್ಮಾನ ಹೀಗೆ. ಬರೋ ಭಾನುವಾರ ಕೆಥೆಡ್ರಲ್‌ನ ಕನ್ನಡ ಪೂಜೆ, ಜೂಲಿಯಾನಮ್ಮನ ಮಗಳು ನಾನೇ ಕರ್ಕೊಂಡು ಹೋಗ್ತೀನಿ ಅಂದ್ಲು. ಆಮೇಲೆ ಬೆಳ್ಗೊಳ. ರಂಜಾನಲ್ಲಿ ಸಲೀಮ ಮೇಡಂ ಮನೆ. ಚೈತ್ರದಲ್ಲಿ ಬೇಲೂರು ತೇರು. ಬೈಲಕುಪ್ಪೆಗೆ ಮೂಡಿಗೆರೆ ಟಿಟಿ ಅಣ್ಣನ ಗಾಡೀನೇ ಹೇಳ್ತೀವಿ, ಶೃಂಗೇರಿ ಯಾವಾಗ ಅಂತ ಎಲ್ರೂ ಸೇರಿ ದಿನ ನೋಡೋಣ. ಕಲ್ಯಾಣಿಯವ್ರೆ, ಬೆಳ್ಗೊಳಕ್ಕೆ ಯಾವ ದಿನ ಬಂದ್ರೆ ಒಳ್ಳೇದು, ಊಟಕ್ಕೆ ಏನು ಮಾಡೋದು?

ಬೆಳ್ಗೊಳದ ಕಲ್ಯಾಣಿ

ಶನಿವಾರ ಭಾನುವಾರ ಬೇಡ, ವಾರದ ಮಧ್ಯ ಬನ್ನಿ, ಹಿಂದಿನ ದಿನವೇ ಬಂದು ಉಳ್ಕೊಂಡ್ರೆ ಬೆಳಗ್ಗೆ ಅಭಿಷೇಕ ಸಿಗುತ್ತೆ. ಊಟ ನಮ್ಮನೇಲೇ, ಆದ್ರೆ ಸಂಜೆ ಹೊತ್ತು ಮುಳುಗೋ ಮುಂಚೆ ಬಂದುಬಿಡಿ, ಆಮೇಲೆ ನಾವು ಊಟ ಮಾಡಲ್ಲ, ಈರುಳ್ಳಿ ಬೆಳ್ಳುಳ್ಳಿ ಆಲೂಗಡ್ಡೆ ಇರಲ್ಲ. ಮುನಿಗಳು ಯಾರಾದ್ರೂ ಊರಲ್ಲಿದ್ರೆ ಬೆಳಗ್ಗೆ ಆಹಾರಕ್ಕೆ ಬರೋದನ್ನ ದೂರ ನಿಂತು ನೋಡಬಹುದು, ದಿನಕ್ಕೆ ಒಂದೇ ಹೊತ್ತು, ನಿಂತ್ಕೊಂಡೇ, ಎರಡು ಕೈ ಬೊಗಸೇಲಿ ತಗೋತಾರೆ, ಹತ್ತಿರ ಹೋಗೋದು ಮುಟ್ಟೋದು ಬೇಡ. ಚರ್ಮದ ಬೆಲ್ಟು ಪರ್ಸು ರೂಮಲ್ಲೇ ಬಿಟ್ಟು ಬನ್ನಿ. ಅತ್ತೆಗೆ ಬೆಟ್ಟ ನೋಡೋ ಮನಸ್ಸಾದ್ರೆ ಡೋಲಿಗೆ ನಾನು ಹೇಳಿಡ್ತೀನಿ, ಒಂದು ಜೊತೆ ಹತ್ತಿ ಸಾಕ್ಸ್ ಇಟ್ಕೊಂಡಿರ್ಲಿ, ಬಂಡೆ ಬೇಗ ಕಾಯುತ್ತೆ.